ಪಕ್ಕದವರನ್ನು ಕೇಳಿ

ಜನವರಿ 8, ಗುರುವಾರ

ಡೀನ್ ಕರೆಸಿದ್ದ. ಕರೆಸಿದ್ದರು ಎಂದು ಬರೆಯುವುದು ಮರ್ಯಾದೆ, ಆದರೆ ಇದನ್ನು ಓದುವವಳು ನಾನೊಬ್ಬಳೇ. ಒಂದು ಕಾಲಕ್ಕೆ ಅವನು ನನ್ನ ತರಗತಿಯ ಮೂರನೆಯ ಸಾಲಿನಲ್ಲಿ ಕೂತು, ಪಕ್ಕದವನ ಹಾಳೆ ನೋಡಿ ಬರೆದು ಪಾಸಾದವನು. ಈಗ ಅವನ ಕುರ್ಚಿ ತಿರುಗುತ್ತದೆ, ನನ್ನದು ಕಿರುಗುಟ್ಟುತ್ತದೆ.

"ಮೇಡಂ, ತಪ್ಪು ತಿಳ್ಕೋಬೇಡಿ," ಎಂದು ಶುರು ಮಾಡಿದ. ಹಾಗೆ ಶುರುವಾಗುವ ಮಾತನ್ನು ಸರಿಯಾಗಿ ತಿಳಿದುಕೊಳ್ಳುವ ದಾರಿಯೇ ಇಲ್ಲ.

ವಿಷಯ ಇಷ್ಟು. ಮೊದಲ ವರ್ಷದ ವ್ಯವಹಾರ ನಿರ್ವಹಣೆ ಪಾಠಕ್ಕೆ ಹೆಸರು ಬರೆಸಿದವರು ಎಂಟುನೂರು. ಬರುವವರು ಮುನ್ನೂರು. ಅವರಲ್ಲಿ ಎಚ್ಚರ ಇರುವವರ ಲೆಕ್ಕ ಯಾರ ಬಳಿಯೂ ಇಲ್ಲ. ಇನ್ನು ಮೇಲೆ ನಾನು ಉಪನ್ಯಾಸ ಮಾಡಕೂಡದಂತೆ, 'ಸಂವಾದ' ಮಾಡಬೇಕಂತೆ. ಮಾರ್ಚಿನಲ್ಲಿ ಒಂದು ಸಮಿತಿ ಬಂದು ನೋಡುತ್ತದೆ. ಮೆಚ್ಚಿದರೆ ಪಾಠ ನನ್ನ ಕೈಯಲ್ಲಿ ಉಳಿಯುತ್ತದೆ. ಮೆಚ್ಚದಿದ್ದರೆ ನನ್ನ ಉಪನ್ಯಾಸಗಳನ್ನೆಲ್ಲ ಒಂದು ಸಲ ಕ್ಯಾಮೆರಾ ಮುಂದೆ ಹೇಳಿಸಿ, ಹುಡುಗರಿಗೆ ಮನೆಯಲ್ಲೇ ನೋಡಿಕೊಳ್ಳಲು ಕೊಡುತ್ತಾರೆ. ಆಮೇಲೆ ನನ್ನ ಅಗತ್ಯ ಇರುವುದಿಲ್ಲ.

"ಪರೀಕ್ಷಾ ವಿಭಾಗದಲ್ಲಿ ನಿಮಗೆ ಒಳ್ಳೆ ಕೋಣೆ ಇದೆ ಮೇಡಂ. ಕಿಟಕಿನೂ ಇದೆ."

"ಎಂಟುನೂರು ಜನರ ಜೊತೆ ಸಂವಾದ ಹೇಗೆ ಮಾಡೋದಪ್ಪಾ? ಒಬ್ಬೊಬ್ಬರನ್ನ ಚೆನ್ನಾಗಿದೀಯಾ ಅಂತ ಕೇಳೋ ಹೊತ್ತಿಗೆ ವರ್ಷ ಮುಗಿಯುತ್ತೆ."

"ಅದಕ್ಕೇ ತರಬೇತಿ ಇಟ್ಟಿದೀವಿ."

ಇಪ್ಪತ್ತೆರಡು ವರ್ಷ ತಿದ್ದಿ ತೀಡಿದ ಉಪನ್ಯಾಸ ನನ್ನದು. ಯಾವ ಮಾತಿಗೆ ತಡೆಯಬೇಕು, ಯಾವ ತಮಾಷೆಗೆ ಮೊದಲ ಎರಡು ಸಾಲು ನಗುತ್ತದೆ ಎಂಬುದು ಬಾಯಿಪಾಠ. ಮೂರನೆಯ ಸಾಲಿನಿಂದಾಚೆ ನಾನು ನೋಡುವುದಿಲ್ಲ. ಹಿಂದಿನ ಗೋಡೆಯ ಗಡಿಯಾರಕ್ಕೆ ಹೇಳುತ್ತೇನೆ. ಸಭಾಂಗಣ ಖಾಲಿ ಇದ್ದರೂ ಅಷ್ಟೇ ಚೆನ್ನಾಗಿ ಹೇಳಬಲ್ಲೆ. ಡೀನ್‌ಗೂ ಇದನ್ನೇ ಹೇಳಿದೆ.

"ಹಾಗಾದ್ರೆ ರೆಕಾರ್ಡಿಂಗೇ ಸುಲಭ ಅಲ್ವಾ ಮೇಡಂ," ಎಂದ.

ಮೂರನೆಯ ಸಾಲಿನಲ್ಲಿದ್ದಾಗ ಇಷ್ಟು ಚುರುಕಿರಲಿಲ್ಲ.

ಜನವರಿ 12, ಸೋಮವಾರ

ತರಬೇತಿ. ತರಬೇತಿ ಕೊಡುವವನಿಗೆ ನನ್ನ ಮಗನ ವಯಸ್ಸಿಲ್ಲ. ನಮಗೆ ಮಗನೂ ಇಲ್ಲ, ಅದು ಬೇರೆ ಮಾತು. ಯಾರು ಬಾಯಿ ತೆರೆದರೂ "ಇವರಿಗೊಂದು ಚಪ್ಪಾಳೆ" ಎನ್ನುತ್ತಾನೆ. ಮಾರುಕಟ್ಟೆ ಶಾಸ್ತ್ರದ ಮೇಷ್ಟ್ರು ಕೆಮ್ಮಿದಾಗಲೂ ಇನ್ನೇನು ತಟ್ಟಿಸಿಬಿಡುತ್ತಾನೆ ಎಂದುಕೊಂಡೆ. ಅವನಿಗೆ ಚಪ್ಪಾಳೆ ಎಂದೇ ಹೆಸರಿಟ್ಟಿದ್ದೇನೆ.

ಮೊದಲು ಪಕ್ಕದವರ ಪರಿಚಯ ಮಾಡಿಕೊಳ್ಳಬೇಕಂತೆ. ನನ್ನ ಪಕ್ಕದಲ್ಲಿದ್ದವರು ಲೆಕ್ಕಪರಿಶೋಧನೆಯ ಮೇಡಂ. ನಮ್ಮಿಬ್ಬರ ಮೇಜುಗಳು ಅಂಟಿಕೊಂಡಿವೆ, ಮಾತು ಬಿಟ್ಟು ಬಹಳ ಕಾಲವಾಗಿದೆ.

"ನಿಮ್ಮ ಹವ್ಯಾಸ?" ಎಂದು ನನ್ನನ್ನೇ ಕೇಳಿದರು.

"ಸುಮ್ಮನಿರೋದು," ಎಂದೆ. ಬರೆದುಕೊಂಡರು.

ಚಪ್ಪಾಳೆಯ ವಿಧಾನ ಹೀಗಿದೆ. ಪರದೆಯ ಮೇಲೆ ಒಂದು ಪ್ರಶ್ನೆ, ನಾಲ್ಕು ಉತ್ತರ. ಹುಡುಗರು ಮೊದಲು ತಾವು ತಾವೇ ಯೋಚಿಸಿ ಫೋನಿನಲ್ಲಿ ಒಂದನ್ನು ಒತ್ತಬೇಕು. ಆಮೇಲೆ ಪಕ್ಕದವರ ಜೊತೆ ವಾದ ಮಾಡಬೇಕು. ಆಮೇಲೆ ಮತ್ತೆ ಒತ್ತಬೇಕು. ಅಲ್ಲಿಯತನಕ ಸರಿ ಉತ್ತರ ಹೇಳದೆ ಮೇಷ್ಟ್ರು ಬಾಯಿಗೆ ಬೀಗ ಹಾಕಿಕೊಂಡಿರಬೇಕು. ಸಂಬಳ ಕೊಡುವುದು ಇದಕ್ಕೆ.

ಊಟದ ನಂತರವೂ ಇದೆ ಎಂದರು. ತಲೆನೋವೆಂದು ಹೇಳಿ ಎದ್ದು ಬಂದೆ. ಎರಡು ಸಲ ಗುಂಡಿ ಒತ್ತಿಸುವುದನ್ನು ಇಡೀ ದಿನ ಕಲಿಯುವಷ್ಟು ದಡ್ಡಿ ನಾನಲ್ಲ.

ಜನವರಿ 15, ಗುರುವಾರ

ಮೊದಲ ಸಂವಾದ. ಪ್ರಶ್ನೆ ಹಾಕಿದೆ. ಅರ್ಧ ಜನಕ್ಕೆ ಸಂಪರ್ಕ ಸಿಗಲಿಲ್ಲ, ಉಳಿದರ್ಧಕ್ಕೆ ಆಸಕ್ತಿ ಇರಲಿಲ್ಲ. "ಪಕ್ಕದವರನ್ನು ಕೇಳಿ" ಎಂದೆ. ಕೇಳಿದರು. ಸಿನಿಮಾ, ಕ್ರಿಕೆಟ್ಟು, ಯಾರು ಯಾರನ್ನು ಬಿಟ್ಟರು, ಎಲ್ಲವನ್ನೂ ಕೇಳಿದರು. ಮೊದಲ ಸಾಲಿನಲ್ಲಿ ಒಬ್ಬಳು ಪಕ್ಕದವಳಿಗೆ ಉಗುರುಬಣ್ಣ ಹಚ್ಚುತ್ತಿದ್ದಳು. ಅದೂ ಸಂವಾದವೇ ಇರಬೇಕು.

ನಮ್ಮನೆಯವರು ಅಡುಗೆಮನೆಯಿಂದಲೇ ಕೇಳಿದರು, "ಹೇಗಿತ್ತೇ ಹೊಸ ಪಾಠ?"

"ಸಂತೆಲಿ ನಿಂತ ಹಾಗಿತ್ತು."

"ಸಂತೆಲಿ ಏನಾದ್ರೂ ಮಾರಾಟ ಆಗುತ್ತಲ್ಲ."

ಇವರು ಪತ್ರಿಕೆಯೊಂದರ ಕರಡು ತಿದ್ದಿ ನಿವೃತ್ತರಾದವರು. ಈಗ ತಿದ್ದಲು ನಾನೊಬ್ಬಳೇ ಉಳಿದಿದ್ದೇನೆ.

ಜನವರಿ 22, ಗುರುವಾರ

ಆಶ್ಚರ್ಯ. ಮೊದಲ ಸುತ್ತಿನಲ್ಲಿ ಸರಿ ಉತ್ತರ ಒತ್ತಿದವರು ನೂರಕ್ಕೆ ಐವತ್ತೈದು. ಎಷ್ಟು ಜನ ಯಾವುದನ್ನು ಒತ್ತಿದರೆಂದು ಪರದೆಯ ಮೇಲೆ ಉತ್ತರಕ್ಕೊಂದರಂತೆ ನಾಲ್ಕು ಕಂಬ ಎದ್ದವು, ಸರಿ ಉತ್ತರದ್ದು ಎತ್ತರ. ಪಕ್ಕದವರನ್ನು ಕೇಳಿ ಎಂದೆ. ಎರಡನೆಯ ಸುತ್ತಿನಲ್ಲಿ ತೊಂಬತ್ತಮೂರು.

ಡೀನ್ ಫೋನು ಮಾಡಿದ. "ಮೇಡಂ, ನಿಮ್ಮಿಂದ ಇಂಥದ್ದನ್ನೇ ನಿರೀಕ್ಷಿಸ್ತಿದ್ದೆ." ಅಂಕಿ ಅವನಿಗೆ ಆಗಲೇ ತಲುಪಿದೆ. ಉತ್ತರ ಎಣಿಸುವ ಆ ಯಂತ್ರ ನನ್ನ ಮೇಲೇ ಚಾಡಿ ಹೇಳುತ್ತದೆ.

ನನಗೆ ಮಾತ್ರ ಅನುಮಾನ. ಆ ಎರಡು ನಿಮಿಷದಲ್ಲಿ ಅವರು ಉಗುರುಬಣ್ಣದ ಬಗ್ಗೆಯೇ ಮಾತಾಡುತ್ತಿದ್ದರು. ಬುದ್ಧಿ ಯಾವ ದಾರಿಯಿಂದ ಬಂತು?

ಫೆಬ್ರವರಿ 2, ಸೋಮವಾರ

ಪರೀಕ್ಷೆ ಮಾಡಿ ನೋಡಿದೆ. ಬೇಕೆಂದೇ ಒಂದು ಮೋಸದ ಪ್ರಶ್ನೆ ಹಾಕಿದೆ. ಅಂಗಡಿಯವನು ಬೆಲೆಯನ್ನು ನೂರಕ್ಕೆ ಇಪ್ಪತ್ತರಂತೆ ಏರಿಸಿ, ಆಮೇಲೆ ನೂರಕ್ಕೆ ಇಪ್ಪತ್ತರಂತೆ ಇಳಿಸಿದ. ಈಗ ಬೆಲೆ ಮೊದಲಿನಷ್ಟೇ ಇದೆಯೋ, ಹೆಚ್ಚೋ, ಕಡಿಮೆಯೋ, ಹೇಳಲಾಗದೋ? ಕಡಿಮೆ ಎಂಬುದು ಸರಿ. ಏರಿದ ಬೆಲೆಯ ಮೇಲೆ ಇಳಿಸಿದ್ದರಿಂದ ಇಳಿದ ಮೊತ್ತವೇ ದೊಡ್ಡದು. ಮೊದಲ ಸುತ್ತಿನಲ್ಲಿ ನೂರಕ್ಕೆ ಐವತ್ತೆಂಟು ಮಂದಿ 'ಮೊದಲಿನಷ್ಟೇ' ಎಂದರು. ಆ ತಪ್ಪು ಕಂಬ ಎತ್ತರಕ್ಕೆ ನಿಂತಿತು. ಪಕ್ಕದವರನ್ನು ಕೇಳಿ ಎಂದೆ. ಎರಡನೆಯ ಸುತ್ತಿನಲ್ಲಿ ತೊಂಬತ್ತೊಂದು ಮಂದಿ ಅದೇ ತಪ್ಪನ್ನು ಒತ್ತಿದರು.

ನನಗೆ ಹೊಟ್ಟೆ ತಣ್ಣಗಾಯಿತು. ಅವರು ಯೋಚಿಸುತ್ತಿಲ್ಲ, ಎತ್ತರದ ಕಂಬದ ನೆರಳಿಗೆ ಓಡುತ್ತಿದ್ದಾರೆ. ನಾಲ್ಕು ಕಂಬ, ಒಂದು ಮಂದೆ. ಮಂದೆಗೆ ಫೋನು ಬೇರೆ.

ಮನೆಗೆ ಬಂದು ಹೇಳಿದರೆ ನಮ್ಮನೆಯವರು, "ಖುಷಿ ಪಡೋ ವಿಷಯನಾ ಅದು? ಅವರು ತಪ್ಪು ಕಲಿತ್ರು, ನಿನಗೆ ಹಬ್ಬ," ಎಂದರು.

"ವಿಧಾನ ಸುಳ್ಳು ಅಂತ ಸಾಬೀತಾಯ್ತಲ್ಲ."

"ವಿಧಾನ ಸತ್ತರೆ ನೀನು ಪರೀಕ್ಷಾ ವಿಭಾಗಕ್ಕೆ ತಾನೇ? ಕಿಟಕಿ ಇರೋ ಕೋಣೆ."

ಇದನ್ನು ನಾನು ಯೋಚಿಸಿರಲಿಲ್ಲ ಎಂದಲ್ಲ.

ಫೆಬ್ರವರಿ 5, ಗುರುವಾರ

ಚಪ್ಪಾಳೆ ತಾನಾಗಿಯೇ ಬಂದು ಹಿಂದಿನ ಬಾಗಿಲ ಬಳಿ ಕೂತಿದ್ದ. ತರಗತಿ ಮುಗಿದ ಮೇಲೆ ಹಿಡಿದುಕೊಂಡೆ. ತೊಂಬತ್ತೊಂದರ ಕಥೆ ಹೇಳಿದೆ. ಅವನ ಮುಖದಲ್ಲಿ ನೀರಿಳಿಯುವುದನ್ನು ನೋಡಬೇಕಿತ್ತು ನನಗೆ.

ಅವನು ಕೇಳಿದ್ದು ಒಂದೇ. "ಮೊದಲ ಸುತ್ತಾದ ಮೇಲೆ ಕಂಬಗಳನ್ನ ಅವರಿಗೆ ತೋರಿಸಿದ್ರಾ ಮೇಡಂ?"

"ತೋರಿಸದೆ? ಮುಚ್ಚಿಡೋಕೆ ಅದೇನು ಪ್ರಶ್ನೆಪತ್ರಿಕೆನಾ?"

"ಮುಚ್ಚಿಡಬೇಕು ಮೇಡಂ. ವಾದ ಮುಗಿಯೋ ತನಕ ನಿಮಗೆ ಮಾತ್ರ ಕಾಣಬೇಕು. ಕಂಡ್ರೆ ಯಾರೂ ವಾದ ಮಾಡಲ್ಲ. ಗೆಲ್ಲೋ ಕಡೆ ಹೋಗ್ತಾರೆ. ಊಟದ ನಂತರ ಅದನ್ನೇ ಹೇಳಿದ್ದು."

"ನನಗೆ ತಲೆನೋವಿತ್ತು."

"ಗೊತ್ತು ಮೇಡಂ. ಬೇಗ ವಾಸಿಯಾಯ್ತು ಅಂತ ಲೆಕ್ಕಪರಿಶೋಧನೆ ಮೇಡಂ ಹೇಳಿದ್ರು."

ಹಲ್ಲು ಬಿಡದೆ ಹೇಳಿದ. ಇವನು ತೋರುವಷ್ಟು ಪೆದ್ದನಲ್ಲ, ಅದೇ ತೊಂದರೆ.

ಫೆಬ್ರವರಿ 9, ಸೋಮವಾರ

ಕಂಬ ಮುಚ್ಚಿಟ್ಟೆ. ಮುಚ್ಚಿಟ್ಟರೂ ಅಷ್ಟೇ ಎಂದು ಅವನಿಗೆ ತೋರಿಸಬೇಕಿತ್ತು.

ಪ್ರಶ್ನೆ ನನ್ನ ಹಳೆಯ ಉಪನ್ಯಾಸದ್ದೇ. ಬೇಕರಿಯವನು ಹೋದ ವರ್ಷ ದುಬಾರಿ ಓವನ್ ಕೊಂಡ. ಈಗ ಹೊಸ ಮಾದರಿ ಬಂದಿದೆ. ಅದನ್ನು ಕೊಂಡರೆ ಉಳಿಯುವ ಕರೆಂಟಿನ ದುಡ್ಡಿನಲ್ಲೇ ಅದರ ಬೆಲೆ ಬೇಗ ಹುಟ್ಟುತ್ತದೆ. ಹಳೆಯದನ್ನು ಯಾರೂ ಕೊಳ್ಳುವುದಿಲ್ಲ. ಅದಕ್ಕೆ ಹಾಕಿದ ದುಡ್ಡನ್ನು ಅವನು ಈಗ ಲೆಕ್ಕಕ್ಕೆ ಹಿಡಿಯಬೇಕೇ, ಬೇಡವೇ? ಬೇಡ ಎಂಬುದು ಸರಿ. ಮುಳುಗಿದ ವೆಚ್ಚ ಎನ್ನುತ್ತೇವೆ. ಖರ್ಚಾಗಿ ಹೋದದ್ದು, ಏನು ಮಾಡಿದರೂ ವಾಪಸು ಬಾರದ್ದು.

ಮೊದಲ ಸುತ್ತು ನನಗೆ ಮಾತ್ರ ಕಂಡಿತು. ಸರಿ ಹೇಳಿದವರು ನಲವತ್ತು. ಪಕ್ಕದವರನ್ನು ಕೇಳಿ ಎಂದೆ.

ಮೊದಲು ಪರದೆ ನೋಡಿದರು. ಪರದೆಯಲ್ಲಿ ಏನೂ ಇಲ್ಲ. ಆಮೇಲೆ ಗುಜುಗುಜು. ಆಮೇಲೆ ಹಿಂದಿನ ಸಾಲುಗಳಿಂದ ಎಂಥ ಗದ್ದಲ ಎದ್ದಿತೆಂದರೆ ಹೊಡೆದಾಟ ಎಂದುಕೊಂಡೆ. ಮೈಕು ಬಿಟ್ಟು ಮೆಟ್ಟಿಲು ಹತ್ತಿದೆ. ಇಷ್ಟು ವರ್ಷದಲ್ಲಿ ಆ ಮೆಟ್ಟಿಲನ್ನು ಹತ್ತಿದ್ದು ಇದೇ ಮೊದಲು. ನೆಲಹಾಸು ಹರಿದಿದೆ, ಯಾರಿಗೂ ಗಮನವಿಲ್ಲ.

ಕೊನೆಯ ಸಾಲಿನಲ್ಲಿ ಟೋಪಿ ಹಾಕಿದ ಒಬ್ಬ, ಕನ್ನಡಕದ ಒಬ್ಬಳು. ಇಬ್ಬರೂ ಅರ್ಧ ಎದ್ದು ನಿಂತಿದ್ದರು.

"ಅಷ್ಟು ದುಡ್ಡು ಸುರಿದಿದಾನೆ, ಸುಮ್ನೆ ಬಿಸಾಕ್ತಾನಾ?" ಇದು ಟೋಪಿ.

"ಹೋದ ದುಡ್ಡು ಹೋಯ್ತು ಕಣೋ. ಅದನ್ನ ನೆನೆಸ್ಕೊಂಡು ಅಳೋಕೆ ಬೇಕರಿ ಇಟ್ಟಿದಾನಾ ಅವನು?"

ಮುಳುಗಿದ ವೆಚ್ಚದ ಮೇಲೆ ನನ್ನ ಉಪನ್ಯಾಸ ಹದಿನಾಲ್ಕು ಪುಟ ಇದೆ. ಇವಳ ಮಾತಿನಲ್ಲಿ ಒಂದು ಪಾರಿಭಾಷಿಕ ಪದವೂ ಇರಲಿಲ್ಲ. ಸಾಲದು.

ಇಬ್ಬರೂ ನನ್ನನ್ನು ಕಂಡು ಗಪ್ಪಾದರು. "ಮುಂದುವರಿಸಿ," ಎಂದೆ. ಇನ್ನೇನು ಹೇಳುವುದು, ಏದುಸಿರು ಬರುತ್ತಿತ್ತು.

ಎರಡನೆಯ ಸುತ್ತಿನಲ್ಲಿ ಅರವತ್ತೆಂಟು. ತೊಂಬತ್ತಮೂರಲ್ಲ, ಗಮನಿಸಬೇಕು.

ಫೆಬ್ರವರಿ 12, ಗುರುವಾರ

ಮಂಡಿನೋವು. ಆ ಮೆಟ್ಟಿಲು ಕಟ್ಟಿಸಿದವನಿಗೆ ಮಂಡಿ ಇರಲಿಲ್ಲ. ಇವತ್ತೂ ಹತ್ತಬೇಕಾಯಿತು, ಬಲಗಡೆಯವರು ಏನು ಮಾತಾಡುತ್ತಾರೋ ಕೆಳಗೆ ಕೇಳಿಸುವುದಿಲ್ಲ.

ಫೆಬ್ರವರಿ 19, ಗುರುವಾರ

ಪ್ರಶ್ನೆ ಮಾಡುವುದು ಎಂಥ ರಗಳೆ. ಸರಿ ಉತ್ತರ ಬರೆಯುವುದು ಸುಲಭ, ನಂಬುವಂಥ ತಪ್ಪು ಉತ್ತರ ಬರೆಯುವುದು ಕಷ್ಟ. ಮೂರು ತಪ್ಪು ಬೇಕು, ಮೂರಕ್ಕೂ ಒಬ್ಬೊಬ್ಬ ಬುದ್ಧಿವಂತ ಬೀಳುವಂತಿರಬೇಕು. ಎಲ್ಲರೂ ಸರಿ ಹೇಳಿದರೆ ವಾದವಿಲ್ಲ, ಎಲ್ಲರೂ ತಪ್ಪಿದರೂ ವಾದವಿಲ್ಲ.

ಊಟಕ್ಕೆ ಕೂತಾಗ ನಮ್ಮನೆಯವರ ಮೇಲೆ ಒಂದು ಪ್ರಯೋಗಿಸಿದೆ.

"ಇ," ಎಂದರು ತಟ್ಟನೆ.

"ಯಾಕೆ?"

"ಅದೇ ಉದ್ದ ಇದೆ. ಸರಿ ಉತ್ತರ ಯಾವಾಗಲೂ ಉದ್ದ ಬರೀತೀಯ ನೀನು. ತಪ್ಪಿಗೆ ಅಷ್ಟು ಕಷ್ಟ ಪಡಲ್ಲ."

ಹೋಗಿ ಎಲ್ಲವನ್ನೂ ಒಂದೇ ಅಳತೆಗೆ ಕತ್ತರಿಸಿದೆ. ಅಡುಗೆ ಆರಿತು. ಮತ್ತೆ ಬಿಸಿ ಮಾಡಿಕೊಟ್ಟು, "ನನ್ನನ್ನ ಮದುವೆ ಆಗುವಾಗಲೂ ಇಷ್ಟು ಯೋಚನೆ ಮಾಡಿರಲಿಲ್ಲ ನೀನು," ಎಂದರು.

"ಆಗ ನಾಲ್ಕು ಆಯ್ಕೆ ಇರಲಿಲ್ಲ," ಎಂದೆ.

ಫೆಬ್ರವರಿ 26, ಗುರುವಾರ

ಸಭಾಂಗಣದ ನಿರ್ವಹಣೆ ತೀರಾ ಕೆಟ್ಟಿದೆ. ಕುರ್ಚಿ ಸಾಲದೆ ಹುಡುಗರು ಮೆಟ್ಟಿಲ ಮೇಲೆ ಕೂರುತ್ತಿದ್ದಾರೆ. ನಾನು ಹತ್ತುವುದು ಹೇಗೆ? ಚೀಲಗಳನ್ನು ದಾಟಿ ದಾಟಿ ಹೋಗಬೇಕು. ಅದರ ಮೇಲೆ "ಮೇಡಂ, ಈ ಕಡೆ", "ಮೇಡಂ, ಇವನು ಕೇಳ್ತಾನೇ ಇಲ್ಲ ನೋಡಿ" ಎಂದು ಸೆರಗು ಹಿಡಿಯುವುದೊಂದು ಬಾಕಿ.

ಟೋಪಿಗೆ ಒಂದು ಹುಚ್ಚು. ಯಾವ ಪ್ರಶ್ನೆ ಹಾಕಿದರೂ ಮೊದಲು ತಪ್ಪನ್ನೇ ಆರಿಸುತ್ತಾನೆ, ಆಮೇಲೆ ಅದನ್ನು ವಕೀಲನ ಹಾಗೆ ಹಿಡಿದುಕೊಳ್ಳುತ್ತಾನೆ. ಅವನನ್ನು ಸೋಲಿಸಲು ಸುತ್ತಲಿನ ಹತ್ತು ಜನ ಸರಿಯಾದದ್ದನ್ನು ಕಲಿಯಬೇಕಾಗುತ್ತದೆ. ಇವತ್ತು ಅವನು ಬಂದಿರಲಿಲ್ಲ. ಆ ಮೂಲೆ ಸಪ್ಪಗಿತ್ತು. ಕನ್ನಡಕದವಳನ್ನು ಕೇಳಿದೆ.

"ಜ್ವರ ಮೇಡಂ. ಫೋನಲ್ಲೇ ವಾದ ಮಾಡ್ತಿದಾನೆ," ಎಂದು ತೋರಿಸಿದಳು.

ಅವನ ಸಂದೇಶ: 'ಎರಡನೇದನ್ನೇ ಒತ್ತು. ಮೇಡಂ ಮುಖ ನೋಡಬೇಡ, ಅವರು ಹಾಗೇ ಇರ್ತಾರೆ.'

ನನ್ನ ಮುಖಕ್ಕೇನಾಗಿದೆ?

ಮಾರ್ಚ್ 5, ಗುರುವಾರ

ಮುಂದಿನ ಗುರುವಾರ ಸಮಿತಿ ಬರುತ್ತದೆ. ಡೀನ್ ತಾನೇ ನನ್ನ ಕೋಣೆಗೆ ಬಂದ. ಬಾಗಿಲು ಮುಂದಕ್ಕೆ ಹಾಕಿಕೊಂಡ.

"ಮೇಡಂ, ಅವರು ಬರೋದು ಒಂದೇ ಪ್ರಶ್ನೆಗೆ. ಮೊದಲ ಸುತ್ತು ಎಷ್ಟು, ಎರಡನೇದು ಎಷ್ಟು, ಅಷ್ಟೇ ನೋಡೋದು. ಜನವರಿಲಿ ಐವತ್ತೈದರಿಂದ ತೊಂಬತ್ತಮೂರಕ್ಕೆ ಹೋಗಿತ್ತಲ್ಲ, ಅಂಥದ್ದೊಂದು ತೋರಿಸಿಬಿಟ್ರೆ ಆಯ್ತು. ಈಚೆಗೆ ಯಾಕೋ ಅರವತ್ತು ಎಪ್ಪತ್ತಕ್ಕೆ ನಿಂತುಬಿಡುತ್ತೆ."

"ಆಗ ಕಂಬ ತೋರಿಸ್ತಿದ್ದೆ. ಈಗ ಮುಚ್ಚಿಡ್ತೀನಿ."

"ಗುರುವಾರ ಒಂದಿನ ತೋರಿಸಿ ಮೇಡಂ. ಯಾರಿಗೆ ಗೊತ್ತಾಗುತ್ತೆ?" ದನಿ ಇಳಿಸಿದ. "ನಂಗೂ ನೀವಿಲ್ಲೇ ಇರಬೇಕು ಅಂತಾನೇ."

ಬೆಣ್ಣೆ ಹಚ್ಚುತ್ತಿದ್ದಾನೆ ಎಂದು ಬರೆದು ಹೊಡೆದು ಹಾಕಿದ್ದೇನೆ. ಹಚ್ಚುತ್ತಿರಲಿಲ್ಲ. ಪಕ್ಕದವನ ಹಾಳೆ ನೋಡಿ ಬರೆದವನಿಗೆ ಇದು ಸಹಜವಾದ ಉಪಾಯ, ಅಷ್ಟೇ.

ಮಾರ್ಚ್ 9, ಸೋಮವಾರ

ನಮ್ಮನೆಯವರಿಗೆ ಹೇಳಿದೆ. ಅವರು ಪತ್ರಿಕೆ ಮಡಿಸಿಟ್ಟರು. ಅಂದರೆ ವಿಷಯ ಗಂಭೀರ.

"ತೋರಿಸಿಬಿಡು. ಒಂದು ಗುಂಡಿ. ನಿನಗೆ ಬೇಕಾಗಿದ್ದು ಪಾಠ ಉಳಿಯೋದು ತಾನೇ?"

"ಹೂಂ."

"ಈ ಸಂವಾದದ ಮೇಲೆ ನಿನಗೆ ಹೇಗೂ ನಂಬಿಕೆ ಇಲ್ಲ."

"ಇಲ್ಲ."

"ಮತ್ತೆ?"

"ತೋರಿಸಿದ್ರೆ ಗದ್ದಲ ಆಗಲ್ಲ."

"ಸಮಿತಿ ಬಂದಾಗ ಗದ್ದಲ ಆಗದಿದ್ರೆ ಒಳ್ಳೇದಲ್ವೇನೇ?"

ಒಳ್ಳೆಯದೇ. ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಕಂಬ ತೋರಿಸುವುದೆಂದು ತೀರ್ಮಾನಿಸಿದ್ದೇನೆ.

ಮಾರ್ಚ್ 12, ಗುರುವಾರ

ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ಸಮಿತಿಯವರು ಇಬ್ಬರು. ಒಬ್ಬರಿಗೆ ಬೋಳುತಲೆ, ಇನ್ನೊಬ್ಬರಿಗೆ ಬ್ರೀಫ್‌ಕೇಸು. ಪಕ್ಕದ ಬಾಗಿಲ ಬಳಿ ಅವರಿಗೆಂದೇ ಮೆತ್ತನೆಯ ಕುರ್ಚಿ ತರಿಸಿದ್ದರು. ಅವರ ಹಿಂದೆ ಡೀನ್. ಚಪ್ಪಾಳೆ ಕುರ್ಚಿ ಸಿಗದೆ ಹಿಂದಿನ ಗೋಡೆಗೆ ಒರಗಿ, ನನ್ನ ಗಡಿಯಾರದ ಕೆಳಗೆ ನಿಂತಿದ್ದ.

ಪ್ರಶ್ನೆ: ಒಂದು ಸಿನಿಮಾ ಮಂದಿರ. ಮಧ್ಯಾಹ್ನದ ಆಟಕ್ಕೆ ಅರ್ಧ ಕುರ್ಚಿ ಖಾಲಿ. ಟಿಕೆಟ್ ಬೆಲೆ ಅರ್ಧಕ್ಕಿಳಿಸಿದರೆ ಮಂದಿರ ಪೂರ್ತಿ ತುಂಬುತ್ತದೆ. ಆಗ ಲಾಭ ಹೆಚ್ಚೋ, ಕಡಿಮೆಯೋ, ಅಷ್ಟೇ ಇರುತ್ತದೋ, ಇಷ್ಟೇ ಮಾಹಿತಿಯಿಂದ ಹೇಳಲಾಗದೋ? ಹೇಳಲಾಗದು ಎಂಬುದು ಸರಿ. ಸುಲಭದ್ದನ್ನು ಆರಿಸಬೇಕಿತ್ತು. ಸುಲಭದ್ದೂ ಬರೆದಿಟ್ಟಿದ್ದೆ, ಪರದೆಗೆ ಹೋದದ್ದು ಇದು.

ಮೊದಲ ಸುತ್ತು: 'ಅಷ್ಟೇ ಇರುತ್ತದೆ' ಎಂದವರು ಐವತ್ತು. ಸರಿ ಹೇಳಿದವರು ಇಪ್ಪತ್ತಾರು. ಕಂಬಗಳು ನನ್ನ ಮುಂದೆ ನಿಂತಿದ್ದವು. ಡೀನ್ ಅಂಗೈ ಮೇಲೆ ಮಾಡಿ ಎತ್ತಿದ, ತೋರಿಸಿ ಎಂದು. ಪ್ರಶ್ನೆ ಯಾವುದೆಂದು ಅವನು ಓದಿಯೇ ಇರಲಿಲ್ಲ. ಈ ಪ್ರಶ್ನೆಗೆ ಕಂಬ ತೋರಿಸಿದರೆ ಎಲ್ಲರೂ ತಪ್ಪಿಗೆ ಹೋಗುತ್ತಾರೆ ಎಂಬುದು ಅವನಿಗೆ ಹೊಳೆದಿರಲಿಲ್ಲ. ಹಾಗಿದ್ದೂ ತೋರಿಸಿದ್ದರೆ ನಡೆಯುತ್ತಿತ್ತು. ತೊಂಬತ್ತು ಮಂದಿ ಒಂದೇ ಉತ್ತರ ಹೇಳಿದರೆ, ಅದನ್ನೇ ಸರಿ ಎಂದು ಘೋಷಿಸಿದ್ದರೆ, ಬೋಳುತಲೆಯಾಗಲಿ ಬ್ರೀಫ್‌ಕೇಸಾಗಲಿ ಎದ್ದು ನಿಂತು ಪ್ರಶ್ನಿಸುತ್ತಿರಲಿಲ್ಲ.

ಗುಂಡಿ ಒತ್ತಲಿಲ್ಲ. ಕಾರಣ ಕೇಳಿದರೆ ಗೊತ್ತಿಲ್ಲ. ಬೆರಳು ಮರಗಟ್ಟಿತ್ತು ಎಂದಿಟ್ಟುಕೊಳ್ಳೋಣ, ಸಭಾಂಗಣದಲ್ಲಿ ಚಳಿ.

"ಪಕ್ಕದವರನ್ನು ಕೇಳಿ," ಎಂದೆ.

ಮಾಡು ಹಾರಿಹೋಗುವಂಥ ಗದ್ದಲ. ಬ್ರೀಫ್‌ಕೇಸು ಕಿವಿಗೆ ಬೆರಳಿಟ್ಟುಕೊಂಡರು. ಎರಡನೆಯ ಸುತ್ತಿನಲ್ಲಿ ಸರಿ ಹೇಳಿದವರು ಮೂವತ್ತೊಂಬತ್ತು. ಡೀನ್ ನೆಲ ನೋಡಿದ. ಬೋಳುತಲೆ ಗಡಿಯಾರ ನೋಡಿ ಏನೋ ಬರೆದುಕೊಂಡರು. ಮೂವರೂ ಬಗ್ಗಿಕೊಂಡು, ಸಿನಿಮಾದ ನಡುವೆ ಎದ್ದು ಹೋಗುವವರ ಹಾಗೆ ಹೊರಟುಹೋದರು.

ಅಲ್ಲಿಗೆ ಬಿಡಬಹುದಿತ್ತು. ಬಿಡಲಿಲ್ಲ, ಗಂಟೆ ಇನ್ನೂ ಹೊಡೆದಿರಲಿಲ್ಲ. ಮೆಟ್ಟಿಲು ಹತ್ತಿ ಟೋಪಿಯ ಬಳಿ ಹೋದೆ. ಅವನು ಎಂದಿನಂತೆ ತಪ್ಪನ್ನೇ ಹಿಡಿದಿದ್ದ.

"ಅರ್ಧ ಬೆಲೆ, ಎರಡರಷ್ಟು ಜನ. ಅಷ್ಟಕ್ಕಷ್ಟೇ ಆಯ್ತಲ್ಲ ಮೇಡಂ. ಇದ್ರಲ್ಲಿ ಹೇಳಕ್ಕಾಗದೇ ಇರೋದೇನಿದೆ?"

ಮೈಕು ಅವನ ಮುಂದೆ ಹಿಡಿದೆ. "ಎಲ್ಲರಿಗೂ ಕೇಳೋ ಹಾಗೆ ಹೇಳಪ್ಪಾ."

ಹೇಳಿದ. ಕನ್ನಡಕದವಳು ಮೈಕು ಕಿತ್ತುಕೊಂಡಳು. "ಲೋ, ಟಿಕೆಟ್ ದುಡ್ಡು ಅಷ್ಟೇ, ಒಪ್ಪಿದೆ. ಎರಡರಷ್ಟು ಜನ ಬಂದ್ರೆ ಪಾಪ್‌ಕಾರ್ನ್ ಎಷ್ಟು ಖರ್ಚಾಗುತ್ತೆ, ಹೇಳು. ಆಮೇಲೆ ಕಸ ಯಾರು ಗುಡಿಸ್ತಾರೆ, ನಿಮ್ಮಪ್ಪನಾ?"

ಅವನು ತಲೆಯಿಂದ ಟೋಪಿ ತೆಗೆದು ಕೆರೆದುಕೊಂಡ. "ಹೌದಲ್ವಾ," ಎಂದ ಮೈಕಿನಲ್ಲೇ. ಇಡೀ ಸಭಾಂಗಣ ನಕ್ಕಿತು. ಮೊದಲ ಎರಡು ಸಾಲು ಮಾತ್ರವಲ್ಲ.

ಮೂರನೆಯ ಸುತ್ತು ಹಾಕಿದೆ. ಎಂಬತ್ನಾಲ್ಕು. ನೋಡಲು ಯಾರೂ ಇರಲಿಲ್ಲ. ಚಪ್ಪಾಳೆ ಒಬ್ಬ ಗಡಿಯಾರದ ಕೆಳಗೆ ನಿಂತಿದ್ದ. ತಟ್ಟಲಿಲ್ಲ. ಕೈ ಕಟ್ಟಿಕೊಂಡು ನಿಂತೇ ಇದ್ದ.

ಮಾರ್ಚ್ 13, ಶುಕ್ರವಾರ

ಸಮಿತಿಯ ಅಭಿಪ್ರಾಯ: ಗದ್ದಲ ಹೆಚ್ಚು, ಫಲ ಕಡಿಮೆ. ಪಾಠವನ್ನು ಚಿತ್ರೀಕರಿಸಲಾಗುವುದು.

"ಒಂದು ಗುಂಡಿ ಮೇಡಂ," ಎಂದ ಡೀನ್. ಸಿಟ್ಟಿರಲಿಲ್ಲ, ಸುಸ್ತಾಗಿದ್ದ. "ಒಂದೇ ಒಂದು ಗುಂಡಿ."

"ಮೂರನೇ ಸುತ್ತು ಎಂಬತ್ನಾಲ್ಕು," ಎಂದೆ.

"ಎರಡೇ ಸುತ್ತು ಅಂತ ನಿಯಮ."

ಪರೀಕ್ಷಾ ವಿಭಾಗದ ಕೋಣೆ ನೋಡಿ ಬಂದೆ. ಕಿಟಕಿ ಇದೆ. ಅದರಾಚೆ ಗೋಡೆ ಇದೆ. ಕಿಟಕಿಯ ಬಗ್ಗೆ ಅವನು ಸುಳ್ಳು ಹೇಳಿರಲಿಲ್ಲ.

ಮಾರ್ಚ್ 19, ಗುರುವಾರ

ಕೊನೆಯ ತರಗತಿ. ವಿಶೇಷವೇನೂ ಇಲ್ಲ. ಟೋಪಿ, ಕನ್ನಡಕದವಳು ತರಗತಿ ಮುಗಿದ ಮೇಲೂ ಕೂತಿದ್ದರು, ಬೀಗ ಹಾಕುವವನು ಬಂದು ಎಬ್ಬಿಸಿದ. ಹೋಗುವಾಗ ಟೋಪಿ, "ಮೇಡಂ, ಮುಂದಿನ ವರ್ಷ ನನ್ನ ತಮ್ಮ ಬರ್ತಾನೆ. ನನಗಿಂತ ಮೊಂಡ," ಎಂದ.

"ಅವನು ಮನೇಲೇ ನೋಡ್ತಾನೆ," ಎಂದೆ.

"ಮನೇಲಿ ಯಾರ ಜೊತೆ ಜಗಳ ಆಡೋದು?"

ಉತ್ತರ ಹೇಳದೆ ಇರುವುದು ಈಗ ಅಭ್ಯಾಸವಾಗಿಬಿಟ್ಟಿದೆ.

ಏಪ್ರಿಲ್ 6, ಸೋಮವಾರ

ಚಿತ್ರೀಕರಣ ಶುರು. ನೆಲಮಾಳಿಗೆಯ ಕೋಣೆ, ಗೋಡೆಗೆಲ್ಲ ಕಪ್ಪು ಬಟ್ಟೆ. ಕ್ಯಾಮೆರಾದವನು ಒಬ್ಬ, ದೀಪ ಹಿಡಿಯುವವನು ಒಬ್ಬ. ನನ್ನೆದುರು ಮಸೂರದ ಕಪ್ಪು ಕಣ್ಣು. ಖಾಲಿ ಸಭಾಂಗಣಕ್ಕೂ ಹೇಳಬಲ್ಲೆ ಎಂದವಳು ನಾನೇ, ಹಾಗಾಗಿ ದೂರುವಂತಿಲ್ಲ.

ಮುಳುಗಿದ ವೆಚ್ಚದಿಂದ ಆರಂಭಿಸಿದೆ. ಹಳೆಯ ಹದಿನಾಲ್ಕು ಪುಟ ಮೇಜಿನ ಮೇಲಿತ್ತು. ಎರಡನೆಯ ಪುಟ ತಿರುವುವಾಗ ಅದು ಎಷ್ಟು ನೀರಸವಾಗಿದೆ ಎಂದು ಕಂಡು ಪಕ್ಕಕ್ಕಿಟ್ಟೆ. ಇಪ್ಪತ್ತೆರಡು ವರ್ಷ ಅದನ್ನು ತಿದ್ದಿದ್ದೇನೆ ಎಂಬುದು ಅದನ್ನು ಓದಲು ಕಾರಣವಾಗುವುದಿಲ್ಲ. ಬೇಕರಿಯವನ ಓವನ್ ಹೇಳಿದೆ. ಆಯ್ಕೆಗಳನ್ನು ಹೇಳಿದೆ. "ಈಗ ಪಕ್ಕದವರನ್ನು ಕೇಳಿ," ಎಂದು ನಿಲ್ಲಿಸಿದೆ.

ಕ್ಯಾಮೆರಾದವನು ಸ್ವಲ್ಪ ಹೊತ್ತು ಕಾದ. ಆಮೇಲೆ ತಲೆ ಹೊರಗೆ ಹಾಕಿದ. "ಮೇಡಂ, ಮರೆತ್ರಾ?"

"ಇಲ್ಲ. ಅವರು ಮಾತಾಡ್ತಿದಾರೆ."

"ಯಾರು?"

ಮಸೂರದ ಕಡೆ ಕೈ ತೋರಿಸಿದೆ. ಅವನು ಬಗ್ಗಿ ಮಸೂರ ನೋಡಿದ, ಧೂಳು ಕೂತಿದೆಯೋ ಎಂಬಂತೆ.

"ಸುಮ್ಮನಿರೋ ಭಾಗ ಕತ್ತರಿಸಬೇಕು ಅಂತ ಡೀನ್ ಸರ್ ಹೇಳಿದಾರೆ ಮೇಡಂ."

"ಕತ್ತರಿಸಿದ್ರೆ ನಾಳೆ ಬರಲ್ಲ ಅಂತ ಹೇಳಿ."

ಮತ್ತೆ ಸುಮ್ಮನೆ ನಿಂತೆ. ಕಿವಿಗೆ ಏನೂ ಬೀಳದೆ ಇರುವುದು ಇಷ್ಟು ಕಷ್ಟ ಎಂದು ಗೊತ್ತಿರಲಿಲ್ಲ. ದೀಪದವನು ಕಾಲು ಬದಲಿಸಿದ, ಗಂಟಲು ಸರಿಮಾಡಿಕೊಂಡ. "ಹಳೇದನ್ನೇ ಇಟ್ಕೊಳ್ಳಲಿ ಬಿಡಿ ಮೇಡಂ," ಎಂದ. "ಅಷ್ಟು ದುಡ್ಡು ಹಾಕಿದಾನೆ ಪಾಪ."

"ಹೋದ ದುಡ್ಡು ಹೋಯ್ತಲ್ಲಯ್ಯಾ," ಎಂದ ಕ್ಯಾಮೆರಾದವನು, ಕ್ಯಾಮೆರಾ ಬಿಟ್ಟು ತಿರುಗಿ.

"ನಿನ್ ದುಡ್ಡಾಗಿದ್ರೆ ಹೇಳ್ತಿದ್ಯಾ ಹಾಗೆ? ಹೋದ ತಿಂಗಳು ಆ ಸ್ಟ್ಯಾಂಡು ಬಿಸಾಕು ಅಂದ್ರೆ ಹೇಗೆ ಹಾರಾಡಿದೆ ನೀನು!"

"ಸ್ಟ್ಯಾಂಡೇ ಬೇರೆ, ಓವನ್ನೇ ಬೇರೆ."

"ಏನ್ 'ಬೇರೆ'? ಹೇಳು ನೋಡೋಣ, ಏನ್ 'ಬೇರೆ'?"

ಕುರ್ಚಿ ಎಳೆದುಕೊಂಡು ಕೂತೆ. ದೀಪ ವಾಲಿ ಗೋಡೆಗೆ ಬಿದ್ದಿತ್ತು. ಕ್ಯಾಮೆರಾ ಓಡುತ್ತಲೇ ಇತ್ತು.

ದೀಪದವನದು ತಪ್ಪು. ಕ್ಯಾಮೆರಾದವನದು ಸರಿ, ಆದರೆ ಸ್ಟ್ಯಾಂಡಿನ ಮಾತು ತಪ್ಪು. ಸರಿ ಉತ್ತರ ಯಾವುದೆಂದು ಹೊರಡುವಾಗ ಇಬ್ಬರೂ ಕೇಳಿದರು. ನಾಳೆ ಎಂದೆ.